ಲಸಿಕೆಯ ಕೊಠಡಿಯ ಪ್ರಶ್ನೆ
(ದಿಲ್ಲಿಯ ಆಸುಪಾಸಿನಲ್ಲಿ ವೃತ್ತಿಗಿಳಿದಿರುವ ಕನ್ನಡದ ತರುಣ ವೈದ್ಯನಿಗೆ)



ಗಾಜಿಯಾಬಾದಿನ ನಿನ್ನ ಲಸಿಕಾ ಕೇಂದ್ರದಲ್ಲಿ, ಈ ದಡಾರದ ಸೂಜಿಮದ್ದಿನಿಂದ ಮಗುವಿಗೆ ಆಟಿಸಂ ಬರುವುದಂತೆ, ನಿಜವೆ ಎಂದು ತಂದೆತಾಯಿಗಳು ಕೇಳಿದರೆ, ಅದು ಎಂದೋ ಬಯಲಾದ ಸುಳ್ಳೆಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದಿನವರನ್ನು ಕರೆಯುವೆನೆಂದೂ, ಹಾಗೆ ಹೇಳಿಸಿಕೊಂಡವರಲ್ಲಿ ಕೆಲವರು ಮತ್ತೆ ಬರುವುದೇ ಇಲ್ಲವೆಂದೂ ಬರೆದಿರುವೆ. ನೀನು ಹೇಳುವ ಮಾತು ಸತ್ಯವೇ. ಆದರೆ ಸತ್ಯವನ್ನು ಹೇಳುವುದಕ್ಕೂ ಒಂದು ಹೊತ್ತು, ಒಂದು ಹದ ಉಂಟು.

ಈ ಸಂದೇಹ ಹುಟ್ಟುವ ಬಗೆಯನ್ನು ಮೊದಲು ವಿಚಾರಮಾಡು. ನಮ್ಮ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲನೆಯ ಸರದಿ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ ಬರುತ್ತದೆ. ಕಲಿತಿದ್ದ ನಾಲ್ಕು ಮಾತುಗಳನ್ನು ಮಗು ಕಳೆದುಕೊಳ್ಳುವುದೂ, ಕರೆದರೆ ತಿರುಗದಿರುವುದೂ ಮನೆಯವರ ಗಮನಕ್ಕೆ ಬರುವ ಕಾಲ ಬಹುಮಟ್ಟಿಗೆ ಅದೇ. ನಾವು ಕಾಕತಾಳೀಯವೆಂದು ಕರೆಯುವುದು, ಹಗಲಿರುಳೂ ಮಗುವನ್ನು ನೋಡುತ್ತಿರುವ ತಾಯಿಗೆ ಕಣ್ಣಾರೆ ಕಂಡ ಕಾರಣದಂತೆ ತೋರಿದರೆ ಅದರಲ್ಲಿ ಅಜ್ಞಾನವೇನೂ ಇಲ್ಲ. ಪುಸ್ತಕವಿಲ್ಲದ ಕಡೆ ನಾವೆಲ್ಲರೂ ಹಾಗೆಯೇ ತರ್ಕಿಸುವೆವು.

ಶಾಸ್ತ್ರದ ಉತ್ತರವಂತೂ ಗಟ್ಟಿಯಾಗಿದೆ. ಈ ಸಂದೇಹವನ್ನು ಹಬ್ಬಿಸಿದ, ವೇಕ್‌ಫೀಲ್ಡನೆಂಬ ವೈದ್ಯನು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಕೇವಲ 12 ಮಕ್ಕಳನ್ನು ಕುರಿತದ್ದು. 2010ರಲ್ಲಿ ಪತ್ರಿಕೆಯು ಅದನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಆತನ ಹೆಸರೂ ಹೋಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಾಗಿ ಕಾಣಲಿಲ್ಲ; ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಮಕ್ಕಳಲ್ಲಿಯೂ ಕಾಣಲಿಲ್ಲ. ಈ ಕಡೆಯ ಅಂಶವನ್ನು ಮರೆಯಬೇಡ. ಹಿರಿಯ ಮಗುವಿಗೆ ಆಟಿಸಂ ಇದ್ದು ಕಿರಿಯದನ್ನು ಕಂಕುಳಲ್ಲಿಟ್ಟುಕೊಂಡು ಬರುವ ತಾಯಿಗೆ ಬೇಕಾದದ್ದು ಅದೊಂದೇ. ಆದರೆ ಈ ಅಂಕಿಗಳನ್ನೆಲ್ಲ ಎಲ್ಲರ ಮುಂದೆಯೂ ಸುರಿಯಬೇಕಾಗಿಲ್ಲ.

ಅಡ್ಡ ಪರಿಣಾಮಗಳನ್ನು ಮುಚ್ಚಿಡಬೇಡ. ಚುಚ್ಚಿದ ವಾರ ಹತ್ತು ದಿನಗಳ ಅನಂತರ ಕೆಲವು ಮಕ್ಕಳಿಗೆ ಜ್ವರ, ಮೈಮೇಲೆ ಗಂಧೆ ಬರಬಹುದು; ಹಲವು ಸಹಸ್ರಕ್ಕೊಂದರಂತೆ ಜ್ವರದ ಫಿಟ್ಸೂ ಉಂಟಾಗಬಹುದು. ಮೊದಲೇ ತಿಳಿಸದಿದ್ದರೆ, ಜ್ವರ ಬಂದ ದಿನ ನೀನು ಹೇಳಿದ ಉಳಿದೆಲ್ಲ ಮಾತುಗಳೂ ಸುಳ್ಳಾಗಿ ತೋರುವುವು. 2019ರ ಜನವರಿಯಲ್ಲಿ ದಿಲ್ಲಿಯ ಶಾಲೆಗಳಲ್ಲಿ ಇದೇ ಲಸಿಕೆಯ ಅಭಿಯಾನ ಆರಂಭವಾಗುವುದರಲ್ಲಿದ್ದಾಗ, ತಂದೆತಾಯಿಗಳ ಸಮ್ಮತಿಯಿಲ್ಲದೆ ಹಾಕಕೂಡದೆಂದು ಉಚ್ಚ ನ್ಯಾಯಾಲಯವು ತಡೆದು, ಪ್ರಯೋಜನದೊಡನೆ ಅಪಾಯಗಳನ್ನೂ, ಯಾರಿಗೆ ಹಾಕಬಾರದೆಂಬುದನ್ನೂ ಜನರಿಗೆ ತಿಳಿಸಬೇಕೆಂದು ವಿಧಿಸಿತು. ನನಗಂತೂ ಅದು ನ್ಯಾಯಾಲಯದಿಂದ ಬರುವುದಕ್ಕೆ ಮೊದಲೇ ನಮ್ಮ ವೃತ್ತಿಯಿಂದ ಬರಬೇಕಾಗಿದ್ದ ಮಾತೆಂದು ತೋರುತ್ತದೆ.

ಇನ್ನು, ನಾನು ಈ ಪತ್ರವನ್ನು ಬರೆಯಲು ಕಾರಣವಾದ ವಿಷಯ. ಲಸಿಕೆಯನ್ನು ಕುರಿತು ಕೇಳುವವರಲ್ಲಿ ಎಷ್ಟೋ ಮಂದಿ ನಿಜವಾಗಿ ಕೇಳುತ್ತಿರುವುದು ಲಸಿಕೆಯನ್ನು ಕುರಿತಲ್ಲ. ತಮ್ಮ ಮಗು ಏಕೆ ಇನ್ನೂ ಮಾತನಾಡದೆಂದು ಬಾಯಿಬಿಟ್ಟು ಕೇಳಲು ಹೆದರಿ, ಸೂಜಿಯ ನೆಪದಲ್ಲಿ ಕೇಳುತ್ತಾರೆ. ಆದುದರಿಂದ ಉತ್ತರ ಕೊಡುವುದಕ್ಕೆ ಮುಂಚೆ, "ಮಗುವನ್ನು ನೋಡಿ ನಿಮಗೇನಾದರೂ ಅನುಮಾನ ಬಂದಿದೆಯೆ?" ಎಂದು ಕೇಳು, ಕೇಳಿ ಸುಮ್ಮನಿರು. ಹೆಸರು ಹಿಡಿದು ಕರೆದರೆ ತಿರುಗುವುದೋ, ಬೇಕಾದುದನ್ನು ಬೆರಳು ಮಾಡಿ ತೋರಿಸುವುದೋ, ತಾಯಿಯ ಮುಖವನ್ನು ನೋಡಿ ನಗುವುದೋ, ಅಲ್ಲಿಯೇ ಪರೀಕ್ಷಿಸು. ದಿಲ್ಲಿಯ ನಮ್ಮ ಕನ್ನಡದ ಮನೆಗಳಲ್ಲಿ ಇನ್ನೊಂದು ತೊಡಕುಂಟು: ಮನೆಯೊಳಗೆ ಕನ್ನಡ, ಬೀದಿಯಲ್ಲಿ ಹಿಂದಿ, ಶಿಶುವಿಹಾರದಲ್ಲಿ ಇಂಗ್ಲಿಷ್, ಆದ್ದರಿಂದ ಮಗು ಗಲಿಬಿಲಿಗೊಂಡಿದೆಯೆಂದು ನೆರೆಯವರು ಹೇಳುತ್ತಾರೆ, ಅವರಪ್ಪನೂ ಮೂರು ವರ್ಷಕ್ಕೇ ಮಾತು ಕಲಿತದ್ದೆಂದು ಊರಿನಿಂದ ಬಂದ ಅಜ್ಜಿ ಸಮಾಧಾನ ಹೇಳುತ್ತಾಳೆ, ಅಷ್ಟರಲ್ಲಿ ಒಂದು ವರ್ಷ ಕಳೆದುಹೋಗಿರುತ್ತದೆ. ಎರಡು ಮೂರು ಭಾಷೆಗಳನ್ನು ಕೇಳುವುದರಿಂದ ಆಟಿಸಂ ಬಾರದೆಂದು ಅಜ್ಜಿಯ ಎದುರಿನಲ್ಲಿಯೇ ಹೇಳಬೇಕು.

ಲಕ್ಷಣಗಳು ಕಂಡಲ್ಲಿ, ಇನ್ನೂ ಆರು ತಿಂಗಳು ಕಾಯೋಣವೆನ್ನದೆ, ಏಮ್ಸ್‌ನ ಮಕ್ಕಳ ನರರೋಗ ವಿಭಾಗಕ್ಕೆ ಚೀಟಿ ಬರೆದುಕೊಡು. ದಿಲ್ಲಿಯ ಜಸೋಲಾದಲ್ಲಿ ಆಕ್ಷನ್ ಫಾರ್ ಆಟಿಸಂ ಸಂಸ್ಥೆಯೂ ಇದೆ, 1991ರಲ್ಲಿ ತಂದೆತಾಯಿಗಳ ಮುತುವರ್ಜಿಯಿಂದಲೇ ಹುಟ್ಟಿದುದು. ಆಟಿಸಂ ಉಳ್ಳ ಮಕ್ಕಳ ತಾಯಂದಿರು ಅಲ್ಲಿ ಒಬ್ಬರಿಗೊಬ್ಬರು ಹೇಳುವ ಮಾತನ್ನು ನಮ್ಮಂಥ ವೈದ್ಯರು ಹೇಳಲಾರೆವು.

ಇಷ್ಟೆಲ್ಲ ಆದಮೇಲೂ, ಇಂದು ಬೇಡವೆಂದು ಎದ್ದವರನ್ನು ಗದರಿಸಬೇಡ. ದಡಾರ ಮಾತ್ರ ಅವರ ನಿರ್ಧಾರಕ್ಕಾಗಿ ಕಾಯುವುದಿಲ್ಲವೆಂದು ಮೆಲ್ಲನೆ ಹೇಳಿ, ಕಾರ್ಡಿನಲ್ಲಿ ಮುಂದಿನ ಬುಧವಾರವನ್ನು ಬರೆದುಕೊಡು. ಆ ಬೀದಿಯ ಆಶಾ ಕಾರ್ಯಕರ್ತೆಗೂ ತಿಳಿಸಿರು.

ಇತಿ ಆಶೀರ್ವಾದಗಳೊಡನೆ,
ನಿನ್ನ ಹಿರಿಯ