ಬರಹದೊಳಗೆ ವಿಡಿಯೋವನ್ನು ಸೇರಿಸುವ ಕ್ರಮ

ನಮ್ಮ ದೊಡ್ಡನೆಕ್ಕುಂದಿಯ ಕೆರೆಯನ್ನು ಕುರಿತು ಹುಡುಗಿಯರು ಗೂಗಲ್ ಡಾಕ್ಸ್‌ನಲ್ಲಿ ಕೂಡಿ ಒಂದು ಪಾಠವನ್ನು ಬರೆದರು. ಒಬ್ಬಳು ತನ್ನ ಅಜ್ಜಿಯು ಕೆರೆಯ ಹಿಂದಿನ ಸಂಗತಿಗಳನ್ನು ಹೇಳುವ ವಿಡಿಯೋವನ್ನು ಅದರಲ್ಲಿ ಸೇರಿಸಲು ಬಯಸಿದಳು. ಅದರ ಕ್ರಮವನ್ನು ಪೋಷಕರೂ ಪೂರ್ವವಿದ್ಯಾರ್ಥಿನಿಯರೂ ತಿಳಿದಿರುವುದು ಒಳ್ಳೆಯದು.

ಮೊದಲು ವಿಡಿಯೋವನ್ನು ಗೂಗಲ್ ಡ್ರೈವ್‌ಗೆ ಏರಿಸಬೇಕು. ಬಳಿಕ ಅದರ ಲಿಂಕನ್ನು ನಕಲು ಮಾಡಿ, ಬರಹದಲ್ಲಿ ಬೇಕಾದ ಸ್ಥಳದಲ್ಲಿ ಅಂಟಿಸಬೇಕು. ಆಗ ತೋರುವ ಸೂಚನೆಯಂತೆ ಟ್ಯಾಬ್ ಕೀಲಿಯನ್ನು ಒತ್ತಿದರೆ, ಉದ್ದವಾದ ಲಿಂಕು ಹೋಗಿ ವಿಡಿಯೋದ ಹೆಸರು ಮಾತ್ರ ನಿಲ್ಲುವುದು. ಯೂಟ್ಯೂಬಿನ ಲಿಂಕಿಗೂ ಇದೇ ಕ್ರಮ. ಪುಟದಲ್ಲಿಯೇ ವಿಡಿಯೋ ನಡೆಯಬೇಕಾದರೆ ಗೂಗಲ್ ಸ್ಲೈಡ್ಸ್ ಲೇಸು. ಅಲ್ಲಿ ಇನ್ಸರ್ಟ್ ಪಟ್ಟಿಯಲ್ಲಿ ವಿಡಿಯೋ ಎಂಬುದನ್ನು ಆರಿಸಿದರೆ ಸಾಕು.

ಒಂದು ತಪ್ಪನ್ನು ನಾನೇ ಮಾಡಿದೆನು. ಪಾಠವನ್ನು ಪರದೇಶದಲ್ಲಿರುವ ಪೂರ್ವವಿದ್ಯಾರ್ಥಿನಿಯರಿಗೆ ಕಳುಹಿಸಿದಾಗ ಅವರು ಬರಹವನ್ನು ಓದಿದರು. ಅಜ್ಜಿಯ ದನಿಯು ಮಾತ್ರ ಕೇಳಲಿಲ್ಲ. ಬರಹಕ್ಕೆ ಕೊಟ್ಟ ಅನುಮತಿಯು ಡ್ರೈವ್‌ನಲ್ಲಿರುವ ವಿಡಿಯೋಗೆ ತಾನಾಗಿ ಸಲ್ಲುವುದಿಲ್ಲವೆಂಬುದನ್ನು ನಾನು ಮರೆತಿದ್ದೆನು. ಹಾಗೆಂದು ಲಿಂಕುಳ್ಳವರೆಲ್ಲರಿಗೂ ತೆರೆದಿಡುವುದು ಸಲ್ಲದು. ಅದು ಕೈಯಿಂದ ಕೈಗೆ ದಾಟಿ, ಹೆಣ್ಣುಮಕ್ಕಳ ಮುಖವನ್ನು ಅಪರಿಚಿತರೂ ನೋಡುವಂತಾದೀತು. ಆದಕಾರಣ ನೋಡತಕ್ಕವರ ಇಮೇಲ್ ವಿಳಾಸಗಳನ್ನೇ ಸೇರಿಸಿ, ನೋಡುವ ಅನುಮತಿಯನ್ನು ಮಾತ್ರ ಕೊಡಬೇಕು. ವಿಡಿಯೋದಲ್ಲಿರುವವರ ಒಪ್ಪಿಗೆಯನ್ನು ಅದಕ್ಕೂ ಮೊದಲು ಪಡೆಯಬೇಕು.

ಕಡೆಯದಾಗಿ, ಕಾಗದದಲ್ಲಿ ಅಚ್ಚಾದ ಲಿಂಕು ಮೂಕವಾದುದು. ಆದುದರಿಂದ ಅಜ್ಜಿಯು ಹೇಳಿದುದರ ಸಾರವನ್ನು ಅದರ ಕೆಳಗೆ ನಾಲ್ಕು ಸಾಲುಗಳಲ್ಲಿ ಬರೆದಿಡಿರಿ. ಯಂತ್ರವಿಲ್ಲದ ಮನೆಗೂ ಆ ಮಾತು ತಲುಪಲಿ.