ಹವ್ಯಾಸಿ ರೇಡಿಯೊ: ಮನೆಯಲ್ಲೇ ಆಂಟೆನಾ ಕಟ್ಟುವ ಬಗೆ

ರೇಡಿಯೊ ಎಂದೊಡನೆ ನಮ್ಮ ಗಮನವೆಲ್ಲ ಪೆಟ್ಟಿಗೆಯ ಕಡೆಗೆ ಹೋಗುತ್ತದೆ. ಅದರ ಬೆಲೆಯೆಷ್ಟು, ಸಾಮರ್ಥ್ಯವೆಷ್ಟು ಎಂದು ವಿಚಾರಿಸುತ್ತೇವೆ. ಆದರೆ ದೂರದಿಂದ ಬಂದ ತರಂಗವು ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ಅದರ ಹಣೆಬರಹ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ಅದನ್ನು ನಿರ್ಧರಿಸುವುದು ಮನೆಯ ಮೇಲೆ ಕಟ್ಟಿರುವ ತಂತಿ. ಹಿಂದಿನವರು ಏರಿಯಲ್ ಎಂದು ಕರೆಯುತ್ತಿದ್ದ ಆಂಟೆನಾ. ಕಡಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಭಾಗವೂ ಇದೇ, ವಿದ್ಯಾರ್ಥಿಯು ತನ್ನ ಕೈಯಿಂದಲೇ ಕಟ್ಟಿ ತಿದ್ದಬಹುದಾದ ಭಾಗವೂ ಇದೇ.

ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಕಾರಣಿಕ ನುಡಿಯುವ ಗೊರವಯ್ಯನನ್ನು ಆ ಸೀಮೆಯವರೆಲ್ಲ ಬಲ್ಲರು. ಆತನು ಎತ್ತರದ ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗುತ್ತಾನೆ. ಅಪಾರ ಜನಸ್ತೋಮವು ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಅನಂತರ ಬರುವುದು ಒಂದೇ ಒಂದು ಮಾತು. ಆ ಮಾತು ಜನರಿಗೆ ಕೇಳಿಸುವುದಕ್ಕೆ ಎತ್ತರ ಒಂದು ಕಾರಣ, ಸುತ್ತಲಿನ ಮೌನ ಇನ್ನೊಂದು ಕಾರಣ. ಆಂಟೆನಾ ಕಟ್ಟುವವರೂ ಈ ಎರಡನ್ನು ಮರೆಯಬಾರದು. ಇವುಗಳ ಜೊತೆಗೆ ರೇಡಿಯೊ ತಂತಿಗೆ ಮೂರನೆಯ ಗುಣವೊಂದು ಬೇಕು: ತಕ್ಕ ಉದ್ದ.

ಬಾಯಿಯೂ ಹೌದು, ಕಿವಿಯೂ ಹೌದು

1901ರ ಡಿಸೆಂಬರ್ 12ರಂದು ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಯ ಸಂಕೇತವನ್ನು ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದಾಗ, ಅವನ ಆಂಟೆನಾ ತಂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದುದು ಒಂದು ಗಾಳಿಪಟ. ನಮ್ಮ ನಾಡಿನಲ್ಲಿ 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅವರ ಪ್ರೇಷಕದ ಸಾಮರ್ಥ್ಯ ಕೆಲವೇ ಹತ್ತು ವಾಟ್. ಆ ಮನೆಯ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ದೊಡ್ಡ ಯಂತ್ರವಿಲ್ಲದವರೂ ದೂರವನ್ನು ಗೆಲ್ಲಬಹುದೆಂಬುದಕ್ಕೆ ಇವು ಸಾಕ್ಷಿ.

ಇಲ್ಲೊಂದು ಸಣ್ಣ ಲೆಕ್ಕವನ್ನು ನೋಡೋಣ. ಪ್ರೇಷಕದ ಸಾಮರ್ಥ್ಯವನ್ನು 10 ವಾಟ್‌ನಿಂದ 40 ವಾಟ್‌ಗೆ ಏರಿಸಿದರೆ ದೊರೆಯುವ ಲಾಭ 6 ಡೆಸಿಬೆಲ್. ಕೇಳುವವನ ಮೀಟರಿನಲ್ಲಿ ಮುಳ್ಳು ಒಂದೇ ಒಂದು ಮನೆ ಮೇಲೇರುತ್ತದೆ. ಆಂಟೆನಾವನ್ನು ತಿದ್ದಿಯೂ ಅಷ್ಟೇ ಲಾಭವನ್ನು ಪಡೆಯಬಹುದು. ಆದರೆ ಒಂದು ವ್ಯತ್ಯಾಸವುಂಟು. ಹೆಚ್ಚಿನ ವಾಟ್‌ಗಳಿಂದ ಬಾಯಿ ಮಾತ್ರ ದೊಡ್ಡದಾಗುತ್ತದೆ. ಉತ್ತಮ ಆಂಟೆನಾದಿಂದ ಬಾಯಿಯೂ ಕಿವಿಯೂ ಒಟ್ಟಿಗೆ ಚುರುಕಾಗುತ್ತವೆ. ಏಕೆಂದರೆ ಒಂದು ದಿಕ್ಕಿಗೆ ಚೆನ್ನಾಗಿ ಪ್ರಸಾರ ಮಾಡುವ ಆಂಟೆನಾವು ಆ ದಿಕ್ಕಿನಿಂದ ಚೆನ್ನಾಗಿ ಗ್ರಹಿಸಲೂ ಬಲ್ಲದು.

ತಂತಿಯ ಉದ್ದ

ತಂಬೂರಿಯ ತಂತಿಗೆ ತನ್ನದೇ ಆದ ಒಂದು ಸ್ವರವಿರುವಂತೆ ಆಂಟೆನಾ ತಂತಿಗೂ ತನ್ನದೇ ಆದ ಆವೃತ್ತಿಯುಂಟು. ಆ ಆವೃತ್ತಿಯ ತರಂಗ ಬಂದಾಗ ತಂತಿಯಲ್ಲಿ ವಿದ್ಯುತ್ತು ಸರಾಗವಾಗಿ ಅತ್ತಿಂದಿತ್ತ ತುಯ್ದಾಡುವುದು. ಇದೇ ಅನುರಣನ. ಅನುರಣನ ಹೊಂದುವ ಅತಿ ಸರಳವಾದ ಆಂಟೆನಾ ಎಂದರೆ ಅರ್ಧ ತರಂಗದೂರದಷ್ಟು ಉದ್ದವಾಗಿದ್ದು ನಡುವೆ ಕತ್ತರಿಸಿದ ತಂತಿ. ಇದನ್ನು ಡೈಪೋಲ್ ಎನ್ನುವರು.

ರೇಡಿಯೊ ತರಂಗದ ವೇಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್. ಆದುದರಿಂದ 300ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರವು ಮೀಟರುಗಳಲ್ಲಿ ದೊರೆಯುತ್ತದೆ. ಅರ್ಧ ತರಂಗಕ್ಕೆ 150ನ್ನು ಭಾಗಿಸಬೇಕೆಂದು ತೋರುವುದು ಸಹಜ. ಆದರೆ ತಂತಿಯ ತುದಿಗಳ ಪ್ರಭಾವದಿಂದ ಅದು ತನ್ನ ಅಳತೆಗಿಂತ ತುಸು ಉದ್ದವಾಗಿರುವಂತೆ ವರ್ತಿಸುತ್ತದೆ. ಈ ಕಾರಣದಿಂದ ಅನುಭವಿಗಳು 143 ಎಂಬ ಸಂಖ್ಯೆಯನ್ನು ಬಳಸುವರು. ಹವ್ಯಾಸಿಗಳ 40 ಮೀಟರ್ ಪಟ್ಟೆಯಲ್ಲಿ 7.1 ಮೆಗಾಹರ್ಟ್ಸ್ ಆವೃತ್ತಿಯನ್ನು ಆರಿಸಿಕೊಳ್ಳೋಣ. 143ನ್ನು 7.1ರಿಂದ ಭಾಗಿಸಿದರೆ 20.14 ಮೀಟರ್. ಅಂದರೆ ಡೈಪೋಲಿನ ಒಂದೊಂದು ತೋಳಿನ ಉದ್ದ ಸುಮಾರು 10.07 ಮೀಟರ್.

ಎಷ್ಟು ಎತ್ತರ?

ತುಂಗಭದ್ರೆಯ ತೀರದ ಮಾಗಳ ಗ್ರಾಮವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿಂದ ಧಾರವಾಡಕ್ಕೆ ನೇರ ದೂರ ಸುಮಾರು 100 ಕಿಲೊಮೀಟರ್. ಬೆಂಗಳೂರಿಗೆ 300ಕ್ಕೆ ತುಸು ಕಡಮೆ. ದೆಹಲಿಗೆ ಸುಮಾರು 1500. ಇಷ್ಟು ದೂರಕ್ಕೆ ತರಂಗಗಳು ನೆಲದ ಮೇಲೆ ಹರಿದು ಹೋಗಲಾರವು. ಅವು ಮೇಲಕ್ಕೆ ಹೋಗಿ, ಸುಮಾರು 300 ಕಿಲೊಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಪದರದಿಂದ ಬಾಗಿ, ಭೂಮಿಗೆ ಮರಳಿ ಬರುತ್ತವೆ. ಪಡಸಾಲೆಯಲ್ಲಿ ನಿಂತು ಟಾರ್ಚಿನ ಬೆಳಕನ್ನು ನೇರವಾಗಿ ಸೂರಿಗೆ ಹಿಡಿದರೆ ಸುತ್ತಮುತ್ತೆಲ್ಲ ಬೆಳಕಾಗುತ್ತದೆ. ಓರೆಯಾಗಿ ಹಿಡಿದರೆ ದೂರದ ಮೂಲೆ ಬೆಳಗುತ್ತದೆ. ಇಲ್ಲಿಯೂ ಹಾಗೆಯೇ. ಧಾರವಾಡವನ್ನು ಮುಟ್ಟಬೇಕಾದರೆ ತರಂಗವು ದಿಗಂತದಿಂದ ಸುಮಾರು 80 ಡಿಗ್ರಿ ಕೋನದಲ್ಲಿ, ಬೆಂಗಳೂರಿಗೆ ಸುಮಾರು 64 ಡಿಗ್ರಿಯಲ್ಲಿ ಮೇಲೇರಬೇಕು. ದೆಹಲಿಗಾದರೋ 20 ಡಿಗ್ರಿಯ ಆಸುಪಾಸಿನಲ್ಲಿ ಹೊರಟರೆ ಸಾಕು.

ಈ ಕೋನವನ್ನು ಆಂಟೆನಾದ ಎತ್ತರವು ನಿರ್ಧರಿಸುತ್ತದೆ. ಕೆಳಕ್ಕೆ ಹೊರಟ ತರಂಗಗಳು ನೆಲದಿಂದ ಪ್ರತಿಫಲನಗೊಂಡು ಮೇಲಕ್ಕೆ ಹೊರಟವುಗಳ ಜೊತೆ ಸೇರುವುದೇ ಇದಕ್ಕೆ ಕಾರಣ. ಡೈಪೋಲ್ ಕಾಲು ತರಂಗದೂರಕ್ಕಿಂತ ಕೆಳಗಿದ್ದರೆ, ಅಂದರೆ 7.1 ಮೆಗಾಹರ್ಟ್ಸ್‌ಗೆ 10.5 ಮೀಟರಿಗಿಂತ ಕೆಳಗಿದ್ದರೆ, ಶಕ್ತಿಯ ಬಹುಭಾಗ ನೆತ್ತಿಯ ಕಡೆಗೆ ಹೋಗುವುದು. ಅರ್ಧ ತರಂಗದೂರದಷ್ಟು, ಎಂದರೆ 21 ಮೀಟರ್, ಎತ್ತರಿಸಿದರೆ ಶಕ್ತಿಯು ದಿಗಂತದ ಕಡೆಗೆ ವಾಲುವುದು. ಆದುದರಿಂದ ಎತ್ತರದ ಕಂಬವಿಲ್ಲವೆಂದು ಹಳ್ಳಿಯ ವಿದ್ಯಾರ್ಥಿ ಕೊರಗಬೇಕಾಗಿಲ್ಲ. ಕರ್ನಾಟಕದೊಳಗಿನ ಸಂಪರ್ಕಕ್ಕೆ 9–10 ಮೀಟರ್ ಎತ್ತರವೇ ಅನುಕೂಲ.

ಕಟ್ಟುವ ಕ್ರಮ

ಬೇಕಾದ ಸಾಮಗ್ರಿಗಳು ಇವು: ಮನೆಯ ವೈರಿಂಗಿಗೆ ಬಳಸುವ 1.5 ಅಥವಾ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ 21 ಮೀಟರ್, ಕೇಬಲ್ ಟಿ.ವಿ.ಗೆ ಬಳಸುವ 75 ಓಮ್ ಕೇಬಲ್, ಪಿವಿಸಿ ಕೊಳವೆಯ ಮೂರು ತುಂಡುಗಳು, ನೈಲಾನ್ ಹಗ್ಗ, ಮತ್ತು ಒಂದು ಬಿದಿರಿನ ಗಳ. ಟಿ.ವಿ. ಕೇಬಲ್ಲನ್ನು ಆರಿಸಿದುದಕ್ಕೆ ಅಗ್ಗ ಎಂಬುದೊಂದೇ ಕಾರಣವಲ್ಲ. ನೆಲದಿಂದ ಬಹಳ ಎತ್ತರದಲ್ಲಿರುವ ಡೈಪೋಲಿನ ಮಧ್ಯದಲ್ಲಿ ವಿದ್ಯುತ್ತಿಗೆ ಇರುವ ತಡೆ ಸುಮಾರು 73 ಓಮ್. ನೆಲಕ್ಕೆ ಸಮೀಪವಾದಂತೆ ಇದು ಬದಲಾಗುವುದಾದರೂ 75 ಓಮ್ ಕೇಬಲ್ ಅದಕ್ಕೆ ಸಾಕಷ್ಟು ಹೊಂದಿಕೊಳ್ಳುತ್ತದೆ.

ತಂತಿಯನ್ನು 10.3 ಮೀಟರಿನ ಎರಡು ತೋಳುಗಳಾಗಿ ಕತ್ತರಿಸಿರಿ. ಲೆಕ್ಕಕ್ಕಿಂತ ತುಸು ಉದ್ದ ಬಿಡುವುದು ಮುಂದೆ ತಿದ್ದುವ ಅನುಕೂಲಕ್ಕಾಗಿ. ನಡುವಿನ ಕೊಳವೆಯ ತುಂಡಿಗೆ ಎರಡು ತೋಳುಗಳನ್ನೂ ಬಿಗಿದು, ಕೇಬಲ್ಲಿನ ನಡುತಂತಿಯನ್ನು ಒಂದಕ್ಕೆ, ಹೊರಗಿನ ಜಾಲರಿಯನ್ನು ಇನ್ನೊಂದಕ್ಕೆ ಗಟ್ಟಿಯಾಗಿ ಜೋಡಿಸಿರಿ. ಮಳೆನೀರು ಕೇಬಲ್ಲಿನೊಳಗೆ ಇಳಿಯದಂತೆ ಸಂದುಗಳನ್ನು ಮುಚ್ಚಬೇಕು. ಜೋಡಣೆಯ ಕೆಳಗೆ ಕೇಬಲ್ಲನ್ನು ಒಂದು ಗೇಣಿನಷ್ಟು ಅಗಲವಾಗಿ ಹತ್ತು ಹನ್ನೆರಡು ಸುತ್ತು ಸುತ್ತಿ ಕಟ್ಟಿದರೆ, ಜಾಲರಿಯ ಹೊರಮೈ ಮೇಲೆ ವಿದ್ಯುತ್ತು ಹರಿಯುವುದಕ್ಕೆ ಅಡ್ಡಿಯಾಗುತ್ತದೆ. ಆಗ ಕೇಬಲ್ ತಾನೂ ಒಂದು ಆಂಟೆನಾದಂತೆ ವರ್ತಿಸುವುದು ತಪ್ಪುವುದು.

ಮಾಳಿಗೆ ಮನೆಯ ಮೇಲ್ಭಾಗ ನೆಲದಿಂದ 3.5 ಮೀಟರ್ ಇದ್ದರೆ, ಅದರ ಮೇಲೆ 6 ಮೀಟರಿನ ಗಳವನ್ನು ನಿಲ್ಲಿಸಿ ಒಟ್ಟು 9.5 ಮೀಟರ್ ಪಡೆಯಬಹುದು. ನಡುವನ್ನು ಗಳದ ತುದಿಗೆ ಕಟ್ಟಿ, ಎರಡು ತೋಳುಗಳನ್ನೂ ಗುಡಾರದಂತೆ ಇಳಿಬಿಟ್ಟು, ತುದಿಗಳನ್ನು ಕೊಳವೆ ತುಂಡು ಮತ್ತು ಹಗ್ಗದ ಮೂಲಕ ಮರಕ್ಕೋ ಗೂಟಕ್ಕೋ ಬಿಗಿಯಬೇಕು. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಮೆಯಾಗಬಾರದು. ಪ್ರಸಾರದ ಸಮಯದಲ್ಲಿ ತುದಿಗಳಲ್ಲಿ ಹೆಚ್ಚು ವೋಲ್ಟೇಜ್ ಇರುವುದರಿಂದ ಅವು ಜನರಿಗೂ ದನಕರುಗಳಿಗೂ ನಿಲುಕದಷ್ಟು ಮೇಲಿರಲಿ.

ವಿದ್ಯುತ್ ಮಾರ್ಗದ ಮೇಲಾಗಲಿ, ಕೆಳಗಾಗಲಿ, ಪಕ್ಕದಲ್ಲಾಗಲಿ ಆಂಟೆನಾ ಕಟ್ಟಲೇಬಾರದು. ಗಳ ಉರುಳಿ ಬಿದ್ದರೂ, ತಂತಿ ಹರಿದು ಹಾರಿದರೂ ಕರೆಂಟಿನ ತಂತಿಗೆ ತಾಗದಷ್ಟು ದೂರವಿರಬೇಕು. ಪಂಪ್‌ಸೆಟ್ಟಿನ ಮಾರ್ಗಗಳು ಹೊಲಗಳ ಮೇಲೆ ತಗ್ಗಾಗಿ ಹಾದುಹೋಗಿರುವುದುಂಟು. ಅವುಗಳನ್ನು ಮೊದಲೇ ಗಮನಿಸಿರಿ. ಗಳ ಎತ್ತುವಾಗ ಹಿರಿಯರೊಬ್ಬರು ಜೊತೆಗಿರಲಿ. ಬೇಸಗೆಯ ಗುಡುಗು ಮಳೆಯ ದಿನಗಳಲ್ಲಿ ಮೋಡ ಕವಿಯುವ ಮೊದಲೇ ಕೇಬಲ್ಲನ್ನು ಪೆಟ್ಟಿಗೆಯಿಂದ ಕಳಚಿ ಮನೆಯ ಹೊರಗಿಡಬೇಕು.

ತಿದ್ದುವ ಕ್ರಮ

ಆಂಟೆನಾ ಕಟ್ಟಿದ ಮೇಲೆ ಅದರ ಅನುರಣನ ಎಲ್ಲಿದೆಯೆಂದು ನೋಡಬೇಕು. ಆಂಟೆನಾವು ಸ್ವೀಕರಿಸದೆ ಹಿಂದಕ್ಕೆ ಕಳುಹಿಸುವ ಶಕ್ತಿಯನ್ನು ಅಳೆಯುವ ಮೀಟರಿನಿಂದ ಇದು ತಿಳಿಯುತ್ತದೆ. ಹಿಂದಿರುಗುವ ಶಕ್ತಿ ಅತಿ ಕಡಮೆಯಾಗುವುದು 6.9 ಮೆಗಾಹರ್ಟ್ಸ್‌ನಲ್ಲಿ ಎಂದಿಟ್ಟುಕೊಳ್ಳೋಣ. ಹಾಗಾದರೆ ತಂತಿ ಹೆಚ್ಚು ಉದ್ದವಾಗಿದೆ. 143ನ್ನು 6.9ರಿಂದ ಭಾಗಿಸಿದರೆ 20.72, ನಮಗೆ ಬೇಕಾದುದು 20.14. ವ್ಯತ್ಯಾಸ 58 ಸೆಂಟಿಮೀಟರ್. ಆದುದರಿಂದ ಒಂದೊಂದು ತೋಳನ್ನೂ 29 ಸೆಂಟಿಮೀಟರ್ ಗಿಡ್ಡ ಮಾಡಬೇಕು. ತುದಿಯನ್ನು ಕೂಡಲೇ ಕತ್ತರಿಸದೆ, ಹಿಂದಕ್ಕೆ ಮಡಿಸಿ ತಂತಿಗೇ ಸುತ್ತಿ ನೋಡುವುದು ಜಾಣತನ.

ಕೇಳುವುದಕ್ಕಷ್ಟೇ ಬಳಸುವವರು ಇಷ್ಟು ನಿಖರತೆಗೆ ಹೋಗಬೇಕಾಗಿಲ್ಲ. ಅವರಿಗೆ ಮುಖ್ಯವಾದುದು ಮೌನ. ಸದ್ದು ಜೋರಾಗಿ ಬಂದರೆ ಆಂಟೆನಾ ಉತ್ತಮವೆಂದು ತಿಳಿಯುವುದು ತಪ್ಪು. ಮಾತಿನ ಜೊತೆಗೆ ಗೊರಗೊರ ಶಬ್ದವೂ ಅಷ್ಟೇ ಜೋರಾಗಿದ್ದರೆ ಲಾಭವೇನು? ಇವೆರಡರ ನಡುವಿನ ಅಂತರವೇ ನಿಜವಾದ ಅಳತೆ. ಇದಕ್ಕೊಂದು ಸುಲಭ ಪ್ರಯೋಗವುಂಟು. ಬ್ಯಾಟರಿಯಿಂದ ನಡೆಯುವ ಗ್ರಾಹಕವನ್ನು ಹಚ್ಚಿಟ್ಟು, ಮನೆಯ ಮೇನ್ ಸ್ವಿಚ್ಚನ್ನು ಆರಿಸಿರಿ. ಗೊರಗೊರ ನಿಂತರೆ ಅದರ ಮೂಲ ಮನೆಯೊಳಗೇ ಇದೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವುಗಳನ್ನು ಒಂದೊಂದಾಗಿ ಹಚ್ಚಿ ಅಪರಾಧಿಯನ್ನು ಪತ್ತೆ ಹಚ್ಚಬಹುದು. ನಿಲ್ಲದಿದ್ದರೆ ಮೂಲ ಹೊರಗಿದೆ. ಆಂಟೆನಾವನ್ನು ಹಿತ್ತಿಲ ಕಡೆಗೋ ಹೊಲದ ಕಡೆಗೋ ಸರಿಸಿ ನೋಡಬೇಕು. ದೊಡ್ಡ ನಗರಗಳ ಹವ್ಯಾಸಿಗಳಿಗೆ ದುರ್ಲಭವಾದ ಈ ಬಯಲು ಮತ್ತು ಮೌನ ಮಾಗಳದಂಥ ಊರುಗಳಿಗೆ ಸಹಜವಾಗಿ ಒದಗಿರುವ ಸಂಪತ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ದಿನಾಂಕ, ಗಂಟೆ, ಎತ್ತರ, ಕೇಳಿಸಿದ ಕೇಂದ್ರ, ಇವನ್ನು ಪುಸ್ತಕದಲ್ಲಿ ಬರೆದಿಡಿರಿ. ಅಯಾನುಗೋಳವು ಗಂಟೆಗಂಟೆಗೂ ಬದಲಾಗುವುದರಿಂದ ನಿನ್ನೆಯ ನೆನಪನ್ನು ಇಂದಿನ ಕಿವಿಯೊಡನೆ ಹೋಲಿಸಬಾರದು. ಹಳೆಯ ಮತ್ತು ಹೊಸ ಆಂಟೆನಾಗಳೆರಡನ್ನೂ ಉಳಿಸಿಕೊಂಡು, ಒಂದೇ ನಿಮಿಷದಲ್ಲಿ ಬದಲಿಸಿ ಬದಲಿಸಿ ಕೇಳಿದರೆ ಮಾತ್ರ ಸತ್ಯ ತಿಳಿಯುತ್ತದೆ.

ಅರ್ಧ ಮೀಟರಿನಲ್ಲಿ ಆಕಾಶ

ಆವೃತ್ತಿ ಹೆಚ್ಚಿದಂತೆ ಆಂಟೆನಾ ಚಿಕ್ಕದಾಗುತ್ತದೆ. ಬೆಂಗಳೂರಿನಲ್ಲಿ ಸಿದ್ಧವಾದ ಹ್ಯಾಮ್‌ಸ್ಯಾಟ್ ಎಂಬ ಹವ್ಯಾಸಿಗಳ ಉಪಗ್ರಹವನ್ನು ಇಸ್ರೋ ಸಂಸ್ಥೆ 2005ರ ಮೇ 5ರಂದು ಹಾರಿಸಿತು; ಅದು 2014ರವರೆಗೆ ಸೇವೆ ಸಲ್ಲಿಸಿತು. 2025ರ ಜುಲೈ 4ರಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದೊಡನೆ ಹವ್ಯಾಸಿ ರೇಡಿಯೊ ಮೂಲಕ ಮಾತನಾಡಿದರು. ನಿಲ್ದಾಣದ ಹವ್ಯಾಸಿ ಧ್ವನಿ ಇಳಿದುಬರುವ ಆವೃತ್ತಿ 145.8 ಮೆಗಾಹರ್ಟ್ಸ್. ಇದರ ಕಾಲು ತರಂಗ ಸುಮಾರು 51 ಸೆಂಟಿಮೀಟರ್. ನೆಟ್ಟಗೆ ನಿಂತ 49 ಸೆಂಟಿಮೀಟರಿನ ಒಂದು ಕಡ್ಡಿ, ಅದರ ಬುಡದಿಂದ 45 ಡಿಗ್ರಿ ಕೆಳಕ್ಕೆ ಬಾಗಿದ 51 ಸೆಂಟಿಮೀಟರಿನ ನಾಲ್ಕು ಕಡ್ಡಿಗಳು, ಇಷ್ಟಾದರೆ ಆಂಟೆನಾ ಸಿದ್ಧ. ಕೇಬಲ್ಲಿನ ನಡುತಂತಿ ಮೇಲಿನ ಕಡ್ಡಿಗೆ, ಜಾಲರಿ ಉಳಿದ ನಾಲ್ಕಕ್ಕೆ. ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಎಸ್‌ಡಿಆರ್ ಗ್ರಾಹಕದಿಂದಲೂ ಇದನ್ನು ಕೇಳಬಹುದು. ಆದರೆ ಈ ಆವೃತ್ತಿಯಲ್ಲಿ ಕೇಬಲ್ ಗಿಡ್ಡವಾಗಿರಬೇಕು. 20 ಮೀಟರ್ ಟಿ.ವಿ. ಕೇಬಲ್ ಶಕ್ತಿಯ ಕಾಲುಭಾಗಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ.

ಪ್ರಸಾರ ಮಾಡಬೇಕಾದರೆ ಭಾರತ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು ಕಡ್ಡಾಯ. ಪ್ರೌಢಶಾಲೆಯ ವಿದ್ಯಾರ್ಥಿಗಳೂ ಈ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅಲ್ಲಿಯವರೆಗೆ ಕೇಳುವ ಅಭ್ಯಾಸ ನಡೆಯಲಿ.

ಈ ಹವ್ಯಾಸ ಬರಿಯ ವಿನೋದವಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿಗಳು ಮೂಕವಾದಾಗ, ಆ ವೇಳೆಗೆ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಿ ಕೇಂದ್ರ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಜನರ ಕ್ಷೇಮಸಮಾಚಾರವನ್ನು ಹೊರಜಗತ್ತಿಗೆ ಮುಟ್ಟಿಸಿದರು. ಗೋಪುರಗಳು ಉರುಳಿ ಕರೆಂಟು ನಿಂತ ಹೊತ್ತಿನಲ್ಲೂ ಒಂದು ಬ್ಯಾಟರಿ, ಒಂದು ಗಳ, ಇಪ್ಪತ್ತು ಮೀಟರ್ ತಂತಿ, ಇವುಗಳಿಂದ ಊರಿನ ಮಾತು ದೂರ ಹೋಗಬಲ್ಲದು. ಆದರೆ ಆ ತಂತಿಯನ್ನು ಅಳೆದು ಕಟ್ಟಬಲ್ಲವರು ಊರಿನಲ್ಲಿ ಒಬ್ಬರಾದರೂ ಇರಬೇಕು. ಆ ವಿದ್ಯೆಯನ್ನು ವಿಪತ್ತು ಬಂದ ದಿನ ಕಲಿಯಲಾಗುವುದಿಲ್ಲ. ಶಾಲೆಯ ರಜೆಯ ದಿನಗಳಲ್ಲೇ ಕಲಿತಿರಬೇಕು.