ಅಂಗುಳ ಕೂಡುವ ಬಗೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಕಲೆತು ಹರಿಹರಕ್ಕೆ ಬರುವ ಹೊತ್ತಿಗೆ ಎರಡು ನೀರುಗಳ ಗಡಿ ಕಾಣದು. ನಮ್ಮ ಅಂಗುಳವೂ ಹೀಗೆಯೇ ಕೂಡಿದುದು. ಗರ್ಭದ 6ನೆಯ ವಾರದ ಸುಮಾರಿಗೆ ನಾಲಗೆಯ ಇಕ್ಕೆಲಗಳಲ್ಲಿ ಮೂಡುವ ಎರಡು ಫಲಕಗಳು ಮೇಲೆದ್ದು, 12ನೆಯ ವಾರದ ಹೊತ್ತಿಗೆ ನಡುವೆ ಬೆಸೆಯುತ್ತವೆ. ತಾಗಿದರೆ ಸಾಲದು, ನಡುವಣ ಹೊರಪೊರೆಯು ಕರಗಬೇಕು. ಜೀನಿನ ಅಪ್ಪಣೆಯಂತೆ ಅಲ್ಲಿ ಸ್ರವಿಸುವ ಟಿಜಿಎಫ್-ಬೀಟಾ 3 ಎಂಬ ಪ್ರೋಟೀನು ಇದಕ್ಕೆ ಸಂಜ್ಞೆ. ಆ ಜೀನನ್ನು ಕೆಡಿಸಿದಾಗ ಇಲಿಮರಿಗಳು ಸೀಳಂಗುಳದೊಡನೆ ಹುಟ್ಟಿದುದನ್ನು 1995ರಲ್ಲಿ ಕಂಡರು. ಕೋಳಿಯ ಅಂಗುಳವಾದರೋ ಸಹಜವಾಗಿಯೇ ತೆರೆದಿರುತ್ತದೆ. ಅದಕ್ಕೆ ಮೊಲೆಯುಣ್ಣುವ ಗೊಡವೆಯಿಲ್ಲವಷ್ಟೆ!

ಸೀಳಂಗುಳದ ಕೂಸು ಹಾಲನ್ನು ಚೀಪಲಾರದು, ಹಾಲು ಮೂಗಿಗೇರುತ್ತದೆ. ಗ್ರಹಣದಂದು ತಾಯಿ ಏನನ್ನೋ ಕೊಯ್ದಳೆಂಬ ದೂರನ್ನು, ದಂತವೈದ್ಯ ಮಹಾವಿದ್ಯಾಲಯಗಳಿರುವ ದಾವಣಗೆರೆಯ ಸೀಮೆಯಲ್ಲಿಯೂ ನಾವು ಕೇಳುತ್ತೇವೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಶಸ್ತ್ರವೈದ್ಯರು ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಆಸುಪಾಸಿನಲ್ಲಿ ಆ ಸೀಳನ್ನು ಹೊಲಿಯುತ್ತಾರೆ.